ಅಮೆರಿಕದ ನಾರ್ವೆ ಊರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ, ಓದು ಅಂತ ಮಿನೆಸೊಟ, ವಿಸ್ಕಾನ್ಸಿನ್ ಕಡೆ ಬಂದಿಳಿದ ಕನ್ನಡಿಗರಿಗೆ ಕೆಲವೇ ತಿಂಗಳಲ್ಲಿ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಪಕ್ಕದ ಮನೆಯವರು ಓಲ್ಸನ್, ಎದುರು ಮನೆಯವರು ಹಾಲ್ವರ್ಸನ್, ಆಫೀಸಿನ ಮ್ಯಾನೇಜರ್ ಹೌಗೆನ್. ಅಕ್ಟೋಬರ್ ಬಂತೆಂದರೆ ಚರ್ಚುಗಳ ಮುಂದೆ ‘ಲುಟೆಫಿಸ್ಕ್ ಊಟ’ ಅನ್ನುವ ಬೋರ್ಡು. ಕಾಫಿ ಚೆಲ್ಲಿದರೆ ಬಾಯಲ್ಲಿ ‘ಉಫ್ ದಾ!’. ಯಾರಿವರು, ಏನಿದು ಅಂತ ಸ್ನೇಹಿತರು, ಊರಿಂದ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು ಕೇಳಿದ ಪ್ರಶ್ನೆಗಳು ಇಲ್ಲಿವೆ.

ನಾರ್ವೆಯಿಂದ ಅಮೆರಿಕಕ್ಕೆ ಬಂದವರು ಎಷ್ಟು ಜನ?

1825ರಿಂದ ಮುಂದಿನ ನೂರು ವರ್ಷಗಳಲ್ಲಿ 8 ಲಕ್ಷಕ್ಕೂ ಹೆಚ್ಚು. ಕೇಳಲು ಅಂಥ ದೊಡ್ಡ ಸಂಖ್ಯೆಯಲ್ಲ ಅನ್ನಿಸಬಹುದು. ಆದರೆ 1801ರ ಜನಗಣತಿಯಲ್ಲಿ ಇಡೀ ನಾರ್ವೆಯ ಜನಸಂಖ್ಯೆಯೇ ಸುಮಾರು 8.8 ಲಕ್ಷ ಇತ್ತು. ಒಂದು ದೇಶದಷ್ಟು ಜನ ಎದ್ದು ಹೊರಟ ಹಾಗೆ. ಜನಸಂಖ್ಯೆಗೆ ಹೋಲಿಸಿ ನೋಡಿದರೆ ಯುರೋಪಿನಲ್ಲಿ ಐರ್ಲೆಂಡ್ ಬಿಟ್ಟರೆ ಇಷ್ಟು ಮಂದಿಯನ್ನು ಕಳಿಸಿಕೊಟ್ಟ ದೇಶ ಇನ್ನೊಂದಿಲ್ಲ.

ಈಗ ‘ನಮ್ಮ ಹಿರಿಯರು ನಾರ್ವೆಯವರು’ ಎಂದು ಹೇಳಿಕೊಳ್ಳುವ ಅಮೆರಿಕನ್ನರು ಸುಮಾರು 40 ಲಕ್ಷ. ನಾರ್ವೆಯಲ್ಲಿರುವವರೇ 55 ಲಕ್ಷ. ಮಿನೆಸೊಟದಲ್ಲಿ ಇವರ ಸಂಖ್ಯೆ ಎಲ್ಲಕ್ಕಿಂತ ಜಾಸ್ತಿ. ಪ್ರಮಾಣ ನೋಡಿದರೆ ನಾರ್ತ್ ಡಕೋಟ ಮುಂದೆ, ಅಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು. ವಿಸ್ಕಾನ್ಸಿನ್, ಐಯೊವ, ಸೌತ್ ಡಕೋಟ, ವಾಷಿಂಗ್ಟನ್ ರಾಜ್ಯಗಳಲ್ಲೂ ದಟ್ಟವಾಗಿದ್ದಾರೆ.

ಮೊದಲು ಬಂದವರು ಯಾರು?

1825ರ ಜುಲೈನಲ್ಲಿ ಸ್ಟವಾಂಗರ್ ಬಂದರಿನಿಂದ ‘ರೆಸ್ಟೊರೇಶನ್’ ಎಂಬ ಪುಟ್ಟ ಹಾಯಿಹಡಗು ಹೊರಟಿತು. ಉದ್ದ ಬರೀ 54 ಅಡಿ. ಅದರಲ್ಲಿ 52 ಜನ. ದಾರಿಯಲ್ಲಿ ಒಂದು ಹೆಣ್ಣುಮಗು ಹುಟ್ಟಿ, ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್ ಮುಟ್ಟಿದಾಗ 53. ಅವರಲ್ಲಿ ಹಲವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ಅಥವಾ ಆ ಕಡೆ ಒಲವಿದ್ದವರು. ಆಗ ನಾರ್ವೆಯಲ್ಲಿ ಸರ್ಕಾರಿ ಲೂಥರನ್ ಚರ್ಚಿನದ್ದೇ ಅಧಿಕಾರ, ಬೇರೆ ನಂಬಿಕೆಯವರಿಗೆ ಕಾಟ ತಪ್ಪಿರಲಿಲ್ಲ. ಕ್ಲೆಂಗ್ ಪೀರ್ಸನ್ ಎಂಬ ಅಲೆಮಾರಿ 1821ರಲ್ಲೇ ಅಮೆರಿಕಕ್ಕೆ ಹೋಗಿ ಜಾಗ ನೋಡಿಕೊಂಡು ಬಂದಿದ್ದ.

ಈ ಪಯಣದ ಬಗ್ಗೆ ನನಗೆ ತುಂಬ ಇಷ್ಟವಾದ ಕಥೆಯೊಂದಿದೆ. ಮಡೈರಾ ದ್ವೀಪದ ಹತ್ತಿರ ಸಮುದ್ರದಲ್ಲಿ ತೇಲುತ್ತಿದ್ದ ವೈನ್ ಪೀಪಾಯಿ ಇವರ ಕೈಗೆ ಸಿಕ್ಕಿತಂತೆ. ಕುಡಿದು ಮತ್ತೇರಿ ಬಾವುಟ ಏರಿಸುವುದನ್ನೂ ಮರೆತು ಬಂದರಿನತ್ತ ತೇಲಿಹೋದರಂತೆ. ಯಾವುದೋ ರೋಗ ಹೊಕ್ಕ ಹಡಗು ಅಂದುಕೊಂಡು ಕೋಟೆಯವರು ಫಿರಂಗಿ ತಿರುಗಿಸಿದ್ದರಂತೆ. ಧರ್ಮಕ್ಕಾಗಿ ದೇಶ ಬಿಟ್ಟ ಭಕ್ತರ ಕಥೆಯಲ್ಲಿ ಇದನ್ನು ಯಾರೂ ಮುಚ್ಚಿಡದೆ ಹೇಳುತ್ತಾರೆ, ಅದೇ ಚಂದ.

ನ್ಯೂಯಾರ್ಕಿನಲ್ಲಿ ಇನ್ನೊಂದು ಫಜೀತಿ ಕಾದಿತ್ತು. ಅಷ್ಟು ಸಣ್ಣ ಹಡಗಿನಲ್ಲಿ ಅಷ್ಟು ಜನರನ್ನು ತಂದದ್ದು ಅಮೆರಿಕದ ಕಾನೂನಿಗೆ ವಿರುದ್ಧ. ಹಡಗು ಜಪ್ತಿಯಾಯಿತು, ದೊಡ್ಡ ದಂಡ ಬಿತ್ತು. ಕೊನೆಗೆ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಕ್ಷಮೆ ಕೊಟ್ಟರು. ಇವರು ಮೊದಲು ನ್ಯೂಯಾರ್ಕ್ ರಾಜ್ಯದ ಕೆಂಡಲ್‌ನಲ್ಲಿ ನೆಲೆ ನಿಂತರು. 1834ರ ಹೊತ್ತಿಗೆ ಬಹುಪಾಲು ಜನ ಇಲಿನಾಯ್‌ನ ಫಾಕ್ಸ್ ನದಿ ಕಡೆ ಸರಿದರು, ಅಲ್ಲಿಂದ ವಿಸ್ಕಾನ್ಸಿನ್ನಿನ ಬಾಗಿಲು ತೆರೆಯಿತು.

ಯಾಕೆ ಬಂದರು? ಬರಗಾಲವಾ?

ಮೊದಲ ಹಡಗಿನ ಕಾರಣ ಧರ್ಮ. ಆಮೇಲಿನ ಲಕ್ಷಾಂತರ ಜನರಿಗೆ ಕಾರಣ ಒಂದೇ: ಜಮೀನು.

ನಾರ್ವೆಯ ನೆಲದಲ್ಲಿ ಉಳಲು ಬರುವುದು ನೂರಕ್ಕೆ ಮೂರು ಪಾಲು ಮಾತ್ರ. ಉಳಿದದ್ದು ಬೆಟ್ಟ, ಬಂಡೆ, ಕಾಡು, ಹಿಮ. ಯುದ್ಧ ನಿಂತು, ಸಿಡುಬಿನ ಲಸಿಕೆ ಬಂದು, ಆಲೂಗಡ್ಡೆ ಬೆಳೆ ಹಬ್ಬಿದ ಮೇಲೆ ಮಕ್ಕಳು ಸಾಯುವುದು ಕಡಿಮೆಯಾಯಿತು, ಜನ ಬೆಳೆದರು. ಜಮೀನು ಬೆಳೆಯಲಿಲ್ಲ. ಹೊಲ ಸಾಮಾನ್ಯವಾಗಿ ಹಿರಿಯ ಮಗನ ಪಾಲು. ತಮ್ಮಂದಿರು ‘ಹುಸ್ಮನ್’ ಆಗುತ್ತಿದ್ದರು. ಅಂದರೆ ಯಾರದೋ ಹೊಲದ ಅಂಚಿನಲ್ಲಿ ಒಂದು ಗುಡಿಸಲು, ಅದಕ್ಕೆ ಬದಲಾಗಿ ಒಡೆಯನ ಹೊಲದಲ್ಲಿ ದುಡಿಮೆ. ಅಂಥವನ ಕಿವಿಗೆ 1862ರ ಅಮೆರಿಕದ ಹೋಮ್‌ಸ್ಟೆಡ್ ಕಾನೂನು ಬಿತ್ತು. ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ 160 ಎಕರೆ ನಿನ್ನದು. ಎಂಟೋ ಹತ್ತೋ ಎಕರೆ ಇದ್ದರೆ ಸಾಹುಕಾರ ಅನ್ನಿಸಿಕೊಳ್ಳುವ ಕಣಿವೆಯಲ್ಲಿ ಈ ಸುದ್ದಿ ಹೇಗೆ ಕೇಳಿಸಿರಬೇಕು!

ಸುದ್ದಿ ತಂದದ್ದು ಸರ್ಕಾರವಲ್ಲ, ಕಾಗದಗಳು. ಮೊದಲು ಹೋದವರು ಬರೆದ ‘ಅಮೆರಿಕ ಕಾಗದ’ಗಳನ್ನು ಮನೆಯಿಂದ ಮನೆಗೆ ಕೊಂಡೊಯ್ದು ಓದುತ್ತಿದ್ದರು, ನಕಲು ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಒಂದು ಕಣಿವೆಯವರು ಹೋದ ಕಡೆಗೇ ಆ ಕಣಿವೆಯವರೆಲ್ಲ ಹೋದರು. ಈ ಮಾತನ್ನು ನೆನಪಿಡಿ. ಇವರು ಅಮೆರಿಕಕ್ಕೆ ತಂದದ್ದು ನಾರ್ವೆ ದೇಶವನ್ನಲ್ಲ, ತಂತಮ್ಮ ಊರನ್ನು. ಮುಂದಿನ ಅರ್ಧ ಪ್ರಶ್ನೆಗಳಿಗೆ ಇದೇ ಉತ್ತರ.

ಎಲ್ಲರೂ ಎಲ್ಲಿಸ್ ದ್ವೀಪದಲ್ಲಿ ಇಳಿದವರೇ?

ಅಲ್ಲ. ಎಲ್ಲಿಸ್ ದ್ವೀಪದ ಕಚೇರಿ ತೆರೆದದ್ದೇ 1892ರಲ್ಲಿ. 1850, 60ರ ದಶಕಗಳಲ್ಲಿ ಹೆಚ್ಚಿನವರು ಇಳಿದದ್ದು ಕೆನಡಾದ ಕ್ವಿಬೆಕ್‌ನಲ್ಲಿ. ಇದರ ಹಿಂದೆ ವ್ಯಾಪಾರದ ಲೆಕ್ಕವಿತ್ತು. 1849ರಲ್ಲಿ ಬ್ರಿಟನ್ ತನ್ನ ಹಳೆಯ ನೌಕಾ ಕಾನೂನು ತೆಗೆದುಹಾಕಿದ ಮೇಲೆ ನಾರ್ವೆಯ ಹಡಗುಗಳೂ ಕೆನಡಾದಿಂದ ಬ್ರಿಟನ್ನಿಗೆ ಮರ ಸಾಗಿಸಬಹುದಾಯಿತು. ಮರ ತರಲು ಹೋಗುವಾಗ ಹಡಗು ಖಾಲಿ. ಖಾಲಿ ಯಾಕೆ ಹೋಗಬೇಕು? ಹೋಗುವಾಗ ಜನ, ಬರುವಾಗ ಮರ. ಕ್ವಿಬೆಕ್‌ನಿಂದ ದೊಡ್ಡ ಸರೋವರಗಳ ದಾರಿ ಹಿಡಿದು ವಿಸ್ಕಾನ್ಸಿನ್ ಸೇರುತ್ತಿದ್ದರು. ಹಬೆ ಹಡಗು ಬಂದ ಮೇಲೆ ಇಂಗ್ಲೆಂಡಿನ ಹಲ್, ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲ್, ಅಲ್ಲಿಂದ ಅಮೆರಿಕ.

ಆ ಜಮೀನು ಮೊದಲು ಯಾರದಾಗಿತ್ತು?

ಈ ಪ್ರಶ್ನೆಯನ್ನು ಹಬ್ಬದ ದಿನ ಯಾರೂ ಕೇಳುವುದಿಲ್ಲ. ಮಿನೆಸೊಟದ ದೊಡ್ಡ ಭಾಗ ಡಕೋಟ ಮೂಲನಿವಾಸಿಗಳದ್ದು. 1851ರ ಒಪ್ಪಂದಗಳಲ್ಲಿ ಅದು ಅವರ ಕೈತಪ್ಪಿತು. ಕೊಡಬೇಕಾದ ಹಣ, ಧಾನ್ಯ ಸರಿಯಾಗಿ ಬರಲಿಲ್ಲ, ಹಸಿವು ಹೆಚ್ಚಿತು. 1862ರ ಆಗಸ್ಟ್‌ನಲ್ಲಿ ಯುದ್ಧ ಸಿಡಿಯಿತು. ವಲಸೆ ರೈತರು ನೂರಾರು ಮಂದಿ ಸತ್ತರು, ಅವರಲ್ಲಿ ನಾರ್ವೆಯವರೂ ಇದ್ದರು. ಡಿಸೆಂಬರ್ 26ರಂದು ಮ್ಯಾಂಕೇಟೊ ಊರಿನಲ್ಲಿ 38 ಡಕೋಟ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಮರುವರ್ಷ ಡಕೋಟ ಜನರನ್ನು ರಾಜ್ಯದಿಂದಲೇ ಹೊರಹಾಕಿದರು. ಹೋಮ್‌ಸ್ಟೆಡ್ ಕಾನೂನು ಬಂದದ್ದೂ ಅದೇ 1862ರಲ್ಲಿ.

ನಾರ್ತ್ ಡಕೋಟದ ಸ್ಪಿರಿಟ್ ಲೇಕ್ ಮೀಸಲು ಪ್ರದೇಶವನ್ನು 1904ರಲ್ಲಿ ಹೊರಗಿನವರಿಗೆ ತೆರೆದಾಗ ಅಲ್ಲಿಯೂ ಹೊಲ ಹಿಡಿದವರಲ್ಲಿ ನಾರ್ವೆಯವರು ಹಲವರು. ಬಡತನದಿಂದ ಬಂದವರು ನಿಜ, ಕಷ್ಟಪಟ್ಟವರು ನಿಜ. ಇದೂ ನಿಜ.

ಇವರ ಹೆಸರುಗಳು ಯಾಕೆ ಎಲ್ಲ ಒಂದೇ ಥರ?

ನಮಗೆ ಇದು ಬೇಗ ಅರ್ಥವಾಗುತ್ತದೆ. ಹಳೆಯ ನಾರ್ವೆಯಲ್ಲಿ ಮನೆತನದ ಹೆಸರು ಅಂತ ಇರಲಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ಇರುವ ಹೊಲದ ಹೆಸರು, ಇಷ್ಟೇ. ಓಲೆ ಓಲ್ಸನ್ ಹೌಗೆನ್ ಅಂದರೆ ಓಲೆಯ ಮಗ ಓಲೆ, ಹೌಗೆನ್ ಹೊಲದವನು. ಅವನ ಮಗಳು ಓಲ್ಸ್‌ದಾತ್ತರ್. ಊರು, ಅಪ್ಪ, ತಾನು ಅಂತ ಇನಿಷಿಯಲ್ ಹಾಕಿಕೊಳ್ಳುವ ನಮ್ಮ ಕಡೆಯ ಪದ್ಧತಿಗೆ ಇದು ಎಷ್ಟು ಹತ್ತಿರ ಅಲ್ವಾ? ಒಂದು ವ್ಯತ್ಯಾಸವಿದೆ. ಓಲೆ ಬೇರೆ ಹೊಲಕ್ಕೆ ಹೋಗಿ ನೆಲೆಸಿದರೆ ಅವನ ಕೊನೆಯ ಹೆಸರೂ ಬದಲಾಗುತ್ತಿತ್ತು.

ಅಮೆರಿಕಕ್ಕೆ ಬಂದಾಗ ‘ಲಾಸ್ಟ್ ನೇಮ್ ಏನು?’ ಅಂತ ಕೇಳಿದರು. ಪಾಸ್‌ಪೋರ್ಟ್ ಅರ್ಜಿಯ ಮುಂದೆ ನಾವು ತಲೆ ಕೆರೆದುಕೊಂಡ ಹಾಗೆ ಅವರೂ ಕೆರೆದುಕೊಂಡರು. ಕೆಲವರು ಅಪ್ಪನ ಹೆಸರು ಕೊಟ್ಟರು, ಕೆಲವರು ಹೊಲದ ಹೆಸರು. ಅಣ್ಣ ಓಲ್ಸನ್, ತಮ್ಮ ಹೌಗೆನ್ ಆದ ಮನೆಗಳೂ ಉಂಟು. ಹೊಲದ ಹೆಸರು ಉಳಿಸಿಕೊಂಡವರ ಮೊಮ್ಮಕ್ಕಳಿಗೆ ಅದೃಷ್ಟ: ಆ ಒಂದು ಪದ ಹಿಡಿದು ಅಜ್ಜ ಹುಟ್ಟಿದ ಗುಡ್ಡದ ತನಕ ಹೋಗಬಹುದು. ಉಪಾಧ್ಯಕ್ಷರಾಗಿದ್ದ ವಾಲ್ಟರ್ ಮಾಂಡೇಲ್ ಅವರ ಹೆಸರು ಬಂದದ್ದು ನಾರ್ವೆಯ ಮುಂಡಾಲ್ ಎಂಬ ಜಾಗದಿಂದ. ಬರೀ ಓಲ್ಸನ್ ಆದವರ ಮೊಮ್ಮಕ್ಕಳು ಪಾಪ, ಸಾವಿರಾರು ಓಲ್ಸನ್‌ಗಳ ನಡುವೆ ಹುಡುಕುತ್ತಾರೆ. ನಾರ್ವೆಯಲ್ಲೂ 1923ರ ಕಾನೂನು ಬರುವ ತನಕ ಖಾಯಂ ಮನೆತನದ ಹೆಸರು ಕಡ್ಡಾಯವಿರಲಿಲ್ಲ.

ಮನೆಯಲ್ಲಿ ಈಗಲೂ ನಾರ್ವೇಜಿಯನ್ ಮಾತಾಡುತ್ತಾರಾ?

ಬಹುತೇಕ ಇಲ್ಲ. ತೀರಾ ವಯಸ್ಸಾದ ಕೆಲವರಲ್ಲಿ ಮಾತ್ರ ಉಳಿದಿದೆ.

ಒಂದು ಕಾಲದಲ್ಲಿ ಹೀಗಿರಲಿಲ್ಲ. ವಿಸ್ಕಾನ್ಸಿನ್ನಿನ ಮಸ್ಕೀಗೊ ಎಂಬ ಹಳ್ಳಿಗಾಡಿನಲ್ಲಿ 1847ಕ್ಕೇ ನಾರ್ವೇಜಿಯನ್ ಪತ್ರಿಕೆ ಶುರುವಾಗಿತ್ತು. ಐಯೊವದ ಡೆಕೋರಾ ಊರಿನ ‘ಡೆಕೋರಾ-ಪೋಸ್ಟೆನ್’ 1874ರಿಂದ 1972ರ ತನಕ ನಡೆಯಿತು. ಸುಮಾರು ನೂರು ವರ್ಷ! ಇಂಗ್ಲಿಷ್ ಪದಕ್ಕೆ ನಾರ್ವೆಯ ಬಾಲ ಸೇರಿಸಿದ ಒಂದು ಕಲಬೆರಕೆ ಮಾತೂ ಹುಟ್ಟಿಕೊಂಡಿತ್ತು. ಹೊಳೆ ದಾಟುವುದಕ್ಕೆ ‘ಕ್ರಾಸ್ಸ’ ಅನ್ನುತ್ತಿದ್ದರು, ನಾವು ‘ಕ್ರಾಸ್ ಮಾಡಿದೆ’ ಅನ್ನುವ ಹಾಗೆಯೇ. ನಾರ್ವೇಜಿಯನ್‌ನಲ್ಲಿ ‘ಬಾರ್ನ್’ ಅಂದರೆ ಮಗು, ಇಂಗ್ಲಿಷಿನಲ್ಲಿ ಕೊಟ್ಟಿಗೆ. ಇಲ್ಲಿನ ರೈತ ‘ಬಾರ್ನ್‌ಗೆ ಬಣ್ಣ ಬಳಿದೆ’ ಅಂದರೆ ನಾರ್ವೆಯಿಂದ ಬಂದ ನೆಂಟ ಬೆಚ್ಚಿಬೀಳಬೇಕು.

ಪೆಟ್ಟು ಬಿದ್ದದ್ದು ಮೊದಲ ಮಹಾಯುದ್ಧದಲ್ಲಿ. ಶತ್ರು ಜರ್ಮನಿ. ಆದರೆ ಸಿಟ್ಟು ಎಲ್ಲ ಪರದೇಶಿ ಭಾಷೆಗಳ ಮೇಲೂ ತಿರುಗಿತು. 1918ರ ಮೇ ತಿಂಗಳಲ್ಲಿ ಐಯೊವದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆಜ್ಞೆ ಹೊರಡಿಸಿದರು: ಶಾಲೆಯಲ್ಲಿ, ರೈಲಿನಲ್ಲಿ, ಸಾರ್ವಜನಿಕ ಜಾಗದಲ್ಲಿ, ಟೆಲಿಫೋನಿನಲ್ಲಿ, ಚರ್ಚಿನ ಪ್ರವಚನದಲ್ಲಿ ಇಂಗ್ಲಿಷ್ ಒಂದೇ. ಆಜ್ಞೆ ಆ ವರ್ಷದ ಕೊನೆಗೇ ಹೋಯಿತು, ಹೆದರಿಕೆ ಹೋಗಲಿಲ್ಲ. ಮಕ್ಕಳ ಜೊತೆ ಇಂಗ್ಲಿಷ್ ಆಡುವುದೇ ಕ್ಷೇಮ ಅನ್ನಿಸಿತು. ಅಜ್ಜ ಅಜ್ಜಿ ಗುಟ್ಟು ಮಾತಾಡುವಾಗ ಮಾತ್ರ ನಾರ್ವೇಜಿಯನ್. 1946ರಲ್ಲಿ ಇವರ ದೊಡ್ಡ ಚರ್ಚು ಸಂಸ್ಥೆ ತನ್ನ ಹೆಸರಿನಿಂದಲೇ ‘ನಾರ್ವೇಜಿಯನ್’ ಪದ ತೆಗೆಯಿತು.

ಈಗ ಕಲಿಯಬೇಕೆಂದರೆ ನಾರ್ವೆ ಸಂಘಗಳ ಸಂಜೆ ತರಗತಿಗಳಿವೆ. ಮಿನೆಸೊಟದ ಉತ್ತರಕ್ಕೆ, ಬೆಮಿಜಿ ಹತ್ತಿರ, ‘ಸ್ಕೂಗ್‌ಫ್ಯೋರ್ಡನ್’ ಎಂಬ ಬೇಸಿಗೆ ಶಿಬಿರವಿದೆ. ಮಕ್ಕಳು ಸರೋವರದ ದಡದಲ್ಲಿ ಇದ್ದು ಊಟ, ಆಟ ಎಲ್ಲ ನಾರ್ವೇಜಿಯನ್‌ನಲ್ಲೇ ಮಾಡುತ್ತಾರೆ. ನಮ್ಮ ಕನ್ನಡ ಕಲಿ ತರಗತಿ ನಡೆಸುವವರು ಒಮ್ಮೆ ಹೋಗಿ ನೋಡಬೇಕಾದ ಜಾಗ.

‘ಬಿಗ್ದೆಲಾಗ್’ ಅಂದರೇನು?

ಊರ ಕೂಟ. ‘ಬಿಗ್ದ್’ ಅಂದರೆ ಹಳ್ಳಿ, ಸೀಮೆ. ವಾಲ್ಡ್ರೆಸ್ ಕಣಿವೆಯವರು 1899ರಲ್ಲಿ ಮಿನಿಯಾಪೊಲಿಸ್‌ನ ಮಿನೆಹಾಹ ಪಾರ್ಕಿನಲ್ಲಿ ಸೇರಿದ್ದರಿಂದ ಇದು ಶುರುವಾಯಿತು. ಆಮೇಲೆ ಒಂದೊಂದು ಕಣಿವೆಗೂ ಒಂದೊಂದು ಕೂಟ. ಅಲ್ಲಿ ತಮ್ಮೂರಿನ ಆಡುಮಾತು, ತಮ್ಮೂರಿನ ಪಿಟೀಲು, ತಮ್ಮೂರಿನ ಗಂಜಿ. ಪಕ್ಕದ ಕಣಿವೆಯವರ ಉಚ್ಚಾರ ಕೇಳಿ ನಗುವುದೂ ಇತ್ತು. ಹಲವು ಕೂಟಗಳು ಈಗಲೂ ಇವೆ, ಆದರೆ ಕೆಲಸ ಬದಲಾಗಿದೆ. ಆಗ ಹಾಡು ಕುಣಿತ, ಈಗ ವಂಶವೃಕ್ಷ ಹುಡುಕುವುದು.

‘ಸನ್ಸ್ ಆಫ್ ನಾರ್ವೆ’ ಬೇರೆ. ಅದು 1895ರಲ್ಲಿ ಮಿನಿಯಾಪೊಲಿಸ್‌ನಲ್ಲಿ 18 ಜನ ಸೇರಿ ಕಟ್ಟಿದ್ದು. ಆಗ ಆರ್ಥಿಕ ಮುಗ್ಗಟ್ಟಿನ ಕಾಲ. ಮನೆಯಲ್ಲಿ ದುಡಿಯುವವನು ಸತ್ತರೆ, ಕಾಯಿಲೆ ಬಿದ್ದರೆ ನೆರವಾಗಲಿ ಅಂತ ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಹಾಕಿದರು. ಇವತ್ತಿಗೂ ಅದು ಸಂಸ್ಕೃತಿ ಸಂಘವೂ ಹೌದು, ವಿಮೆ ಸಂಸ್ಥೆಯೂ ಹೌದು.

ಒಂದೇ ಹಳ್ಳಿಯಲ್ಲಿ ಎದುರುಬದುರು ಎರಡು ಲೂಥರನ್ ಚರ್ಚು ಯಾಕೆ?

ಜಗಳ ಆಡಿದ್ದರು. 1880ರ ದಶಕದಲ್ಲಿ ‘ದೇವರು ಯಾರನ್ನು ಉದ್ಧಾರ ಮಾಡಬೇಕೆಂದು ಮೊದಲೇ ಆರಿಸಿಟ್ಟಿರುತ್ತಾನೋ ಇಲ್ಲವೋ’ ಎಂಬ ವಿಷಯಕ್ಕೆ ಅಣ್ಣ ತಮ್ಮಂದಿರೇ ಬೇರೆಯಾದರು. ಅದಕ್ಕೂ ಮೊದಲು ಕಪ್ಪು ಜನರ ಗುಲಾಮಗಿರಿಯ ವಿಷಯದಲ್ಲಿ ಪಾದ್ರಿಗಳಿಗೂ ರೈತರಿಗೂ ಬಿರುಕು ಬಿದ್ದಿತ್ತು. ಪಾದ್ರಿಗಳು ತಯಾರಾಗುತ್ತಿದ್ದದ್ದು ಸೇಂಟ್ ಲೂಯಿಸ್‌ನ ಜರ್ಮನ್ ಸೆಮಿನರಿಯಲ್ಲಿ, ಅಲ್ಲಿನವರು ಗುಲಾಮಗಿರಿ ಪಾಪವಲ್ಲ ಅನ್ನುತ್ತಿದ್ದರು. ರೈತರು ಒಪ್ಪಲಿಲ್ಲ. 1861ರಲ್ಲಿ ತಮ್ಮದೇ ಲೂಥರ್ ಕಾಲೇಜು ಹುಟ್ಟಲು ಈ ಜಗಳವೂ ಒಂದು ಕಾರಣ. ಅದು ಬೇಗ ಡೆಕೋರಾಕ್ಕೆ ಬಂತು. ಪಾದ್ರಿ ಬೇಕು, ಮಾಸ್ತರು ಬೇಕು ಅಂತ ಇವರು ಕಟ್ಟಿದ ಕಾಲೇಜುಗಳು ಇನ್ನೂ ಇವೆ: ಮಿನಿಯಾಪೊಲಿಸ್‌ನ ಆಗ್ಸ್‌ಬರ್ಗ್, 1874ರಲ್ಲಿ ನಾರ್ತ್‌ಫೀಲ್ಡ್‌ನ ಸೇಂಟ್ ಓಲಾಫ್, 1891ರಲ್ಲಿ ಮೂರ್‌ಹೆಡ್‌ನ ಕಾನ್‌ಕಾರ್ಡಿಯ. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಸ್ಕಾನ್ಸಿನ್ 15ನೇ ದಳದಲ್ಲಿ ಹೆಚ್ಚಿನವರು ನಾರ್ವೆಯವರೇ. ಅದರ ಕರ್ನಲ್ ಹಾನ್ಸ್ ಕ್ರಿಶ್ಚಿಯನ್ ಹೆಗ್ 1863ರಲ್ಲಿ ಚಿಕಮಾಗ ಯುದ್ಧದಲ್ಲಿ ಗಾಯಗೊಂಡು ತೀರಿಕೊಂಡರು.

ಲುಟೆಫಿಸ್ಕ್ ನಿಜವಾಗಿಯೂ ಅಷ್ಟು ಕೆಟ್ಟದಾ?

ಮೊದಲು ಅದು ಏನು ಅಂತ ಹೇಳುತ್ತೇನೆ. ಕಾಡ್ ಮೀನನ್ನು ಗಾಳಿಗೆ ಕಟ್ಟಿಗೆಯ ಹಾಗೆ ಒಣಗಿಸುತ್ತಾರೆ. ಅದನ್ನು ಹಲವು ದಿನ ನೀರಲ್ಲಿ ನೆನೆಸಿ, ಆಮೇಲೆ ಕ್ಷಾರದ ನೀರಲ್ಲಿ ಹಾಕುತ್ತಾರೆ. ಹಿಂದೆ ಮರದ ಬೂದಿಯ ನೀರು, ಈಗ ಕಾಸ್ಟಿಕ್ ಸೋಡ. ಮೀನು ಊದಿ ಲೋಳೆಯಾಗುತ್ತದೆ. ಆ ಹಂತದಲ್ಲಿ ತಿಂದರೆ ಆಸ್ಪತ್ರೆಯೇ ಗತಿ. ಮತ್ತೆ ದಿನಗಟ್ಟಲೆ ನೀರು ಬದಲಿಸಿ ಬದಲಿಸಿ ಕ್ಷಾರ ತೆಗೆದು ಬೇಯಿಸುತ್ತಾರೆ. ತಟ್ಟೆಯಲ್ಲಿ ನಡುಗುವ ಅರೆಪಾರದರ್ಶಕ ಮುದ್ದೆ. ಬೆಳ್ಳಿ ಚಮಚ ಮುಟ್ಟಿಸಬಾರದು, ಕಪ್ಪಾಗುತ್ತದೆ.

ರುಚಿ? ರುಚಿಯೇ ಇಲ್ಲ ಅನ್ನುವುದು ನ್ಯಾಯ. ವಾಸನೆ ಮಾತ್ರ ಇದೆ, ಕೋಟಿನಲ್ಲಿ ಎರಡು ದಿನ ಉಳಿಯುತ್ತದೆ. ಮೇಲೆ ಸುರಿಯುವ ಕರಗಿದ ಬೆಣ್ಣೆಯೇ ಊಟವನ್ನು ಕಾಪಾಡುವುದು. ನಾರ್ವೆಯಲ್ಲಿ ಇದಕ್ಕೆ ಹಂದಿ ಕೊಬ್ಬಿನ ಚೂರು, ಬಟಾಣಿ ಸೇರಿಸುತ್ತಾರೆ. ಇಲ್ಲಿ ಬೆಣ್ಣೆಯೇ ರಾಜ.

ಆದರೆ ಹೋಗಿ, ತಪ್ಪಿಸಬೇಡಿ. ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಚರ್ಚಿನ ನೆಲಮಾಳಿಗೆಯಲ್ಲಿ ಉದ್ದ ಮೇಜು ಹಾಕಿ ನೂರಾರು ಜನರಿಗೆ ಬಡಿಸುತ್ತಾರೆ. ಟಿಕೆಟ್ ತಗೊಂಡು ಮೇಲೆ ಬೆಂಚಿನ ಮೇಲೆ ಕೂತು ಸರದಿಗೆ ಕಾಯಬೇಕು. ಎಂಬತ್ತು ದಾಟಿದ ಅಜ್ಜಂದಿರು ಏಪ್ರನ್ ಕಟ್ಟಿಕೊಂಡು ಪಾತ್ರೆ ಹೊತ್ತು ಓಡಾಡುತ್ತಾರೆ. ‘ಇನ್ನೊಂದು ಸ್ವಲ್ಪ’ ಅನ್ನುವ ಒತ್ತಾಯ ನಮ್ಮ ಪಂಕ್ತಿಯದ್ದೇ. ಮಿನೆಸೊಟದ ಮ್ಯಾಡಿಸನ್ ಎಂಬ ಸಣ್ಣ ಊರು ತನ್ನನ್ನು ಅಮೆರಿಕದ ಲುಟೆಫಿಸ್ಕ್ ರಾಜಧಾನಿ ಎಂದು ಕರೆದುಕೊಂಡು, 25 ಅಡಿ ಉದ್ದದ ಮೀನಿನ ಪ್ರತಿಮೆ ನಿಲ್ಲಿಸಿಕೊಂಡಿದೆ. ಬಡವರ ಚಳಿಗಾಲದ ಊಟ ಹೀಗೆ ಹೆಮ್ಮೆಯ ಊಟವಾಯಿತು.

ನಾವು ಸಸ್ಯಾಹಾರಿಗಳು. ಏನು ತಿನ್ನಬಹುದು?

ಲೆಫ್ಸ. ಬೇಯಿಸಿದ ಆಲೂಗಡ್ಡೆಯನ್ನು ಗಂಟಿಲ್ಲದೆ ಒತ್ತಿ, ಬೆಣ್ಣೆ, ಕ್ರೀಮು, ಮೈದಾ ಸೇರಿಸಿ ಕಲಸಿ, ಗೀರು ಗೀರಾದ ಲಟ್ಟಣಿಗೆಯಲ್ಲಿ ಕಾಗದದಷ್ಟು ತೆಳ್ಳಗೆ ಲಟ್ಟಿಸುತ್ತಾರೆ. ಚಪ್ಪಟೆ ಉದ್ದ ಕೋಲಿನಿಂದ ಎತ್ತಿ ದೊಡ್ಡ ಕಾವಲಿಗೆ ಹಾಕುತ್ತಾರೆ. ನೋಡಲು ಹೂರಣವಿಲ್ಲದ ಒಬ್ಬಟ್ಟು. ಬೆಣ್ಣೆ ಸವರಿ ಸಕ್ಕರೆ ಉದುರಿಸಿ ಸುತ್ತಿ ತಿನ್ನುವುದು. ಸಕ್ಕರೆ ಬಿಳಿಯದೋ ಕಂದು ಬಣ್ಣದ್ದೋ, ದಾಲ್ಚಿನ್ನಿ ಹಾಕಬಹುದೋ ಬಾರದೋ ಅನ್ನುವ ಬಗ್ಗೆ ಮನೆಮನೆಗೂ ತಕರಾರು. ನಾನು ಒಮ್ಮೆ ಚಟ್ನಿಪುಡಿ ಹಾಕಿಕೊಂಡೆ. ಎದುರಿಗಿದ್ದ ಅಜ್ಜಿ ಏನೂ ಅನ್ನಲಿಲ್ಲ, ಸುಮ್ನೆ ನೋಡಿದರು.

ಕ್ರಿಸ್‌ಮಸ್‌ಗೆ ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದ ‘ರೋಸೆಟ್’ ಮಾಡುತ್ತಾರೆ. ಮಂಗಳೂರಿನ ಕ್ರೈಸ್ತರ ಮನೆಯ ಕುಸ್ವಾರ್ ತಟ್ಟೆಯಲ್ಲಿ ಬರುವ ಗುಲಾಬಿ ತಿಂಡಿ ಕಂಡವರಿಗೆ ಇದು ಹಳೇ ಪರಿಚಯ. ರೋಸೆಟ್‌ನಲ್ಲೂ ‘ಕ್ರುಮ್‌ಕಾಕೆ’ ಎಂಬ ಸುರುಳಿ ಬಿಸ್ಕತ್ತಿನಲ್ಲೂ ಮೊಟ್ಟೆ ಇರುತ್ತದೆ, ಕೇಳಿ ತಿನ್ನಿ. ಹುಳಿ ಕೆನೆಯ ಗಂಜಿ ‘ರುಮ್ಮೆಗ್ರೂಟ್’ ಇದೆ, ಮೇಲೆ ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ. ಎರಡು ಚಮಚಕ್ಕೆ ಹೊಟ್ಟೆ ಭರ್ತಿ.

‘ಉಫ್ ದಾ’ ಅಂದರೇನು?

ಅಯ್ಯೋ, ಉಶ್ಶಪ್ಪಾ, ಛೆ, ಅಬ್ಬಬ್ಬಾ. ಭಾಷೆ ಹೋದ ಮೇಲೂ ಉಳಿದ ಪದ ಇದೊಂದೇ ಅಂದರೂ ತಪ್ಪಿಲ್ಲ.

ಇವರೆಲ್ಲ ವೈಕಿಂಗರ ವಂಶದವರಾ? ಆ ಕಲ್ಲಿನ ಕಥೆ ಏನು?

ವೈಕಿಂಗ್ ಕೊಂಬಿನ ಟೋಪಿ ಜಾತ್ರೆ ಸರಕು. ಬಂದವರು ರೈತರು, ಮೀನುಗಾರರು, ಕೆಲಸದ ಹೆಣ್ಣುಮಕ್ಕಳು.

ಕಲ್ಲು ಅಂದರೆ ಕೆನ್ಸಿಂಗ್ಟನ್ ಕಲ್ಲು. 1898ರಲ್ಲಿ ಮಿನೆಸೊಟದ ಕೆನ್ಸಿಂಗ್ಟನ್ ಹತ್ತಿರ ಒಲೋಫ್ ಓಮನ್ ಎಂಬ ಸ್ವೀಡಿಷ್ ರೈತ ಮರದ ಬೇರಿನಡಿ ಸಿಕ್ಕಿತೆಂದು ರೂನ್ ಎಂಬ ಹಳೆಯ ನಾರ್ಡಿಕ್ ಲಿಪಿಯ ಕಲ್ಲೊಂದನ್ನು ತೋರಿಸಿದ. ಅದರ ಮೇಲೆ 1362ರ ತಾರೀಕು, ಅಂದರೆ ಕೊಲಂಬಸ್‌ಗೂ ಮೊದಲು. ಭಾಷಾ ಪಂಡಿತರು ಇದು ಹತ್ತೊಂಬತ್ತನೇ ಶತಮಾನದ ಕೆತ್ತನೆ ಅನ್ನುತ್ತಾರೆ. ಅಲೆಕ್ಸಾಂಡ್ರಿಯ ಊರಿನವರು ಅದಕ್ಕೆ ಮ್ಯೂಸಿಯಂ ಕಟ್ಟಿದ್ದಾರೆ. ಹೋಗಿ ನೋಡಿ, ವಾದ ಮಾತ್ರ ಬೇಡ.

ಸಾವಿರ ವರ್ಷದ ಹಿಂದೆಯೇ ಉತ್ತರ ಅಮೆರಿಕ ಮುಟ್ಟಿದ ನಾವಿಕ ಲೇಫ್ ಎರಿಕ್ಸನ್ ಹೆಸರಿನ ದಿನ ಅಕ್ಟೋಬರ್ 9ಕ್ಕೆ ಬರುತ್ತದೆ. ಆ ತಾರೀಕಿಗೂ ಲೇಫ್‌ಗೂ ಏನೂ ಸಂಬಂಧವಿಲ್ಲ. ಅದು ‘ರೆಸ್ಟೊರೇಶನ್’ ನ್ಯೂಯಾರ್ಕ್ ಮುಟ್ಟಿದ ದಿನ.

ಯಾವಾಗ, ಎಲ್ಲಿಗೆ ಹೋದರೆ ಚೆನ್ನ?

ಮೇ 17. ‘ಸಿಟ್ಟೆನ್‌ದೆ ಮೈ’ ಅನ್ನುತ್ತಾರೆ. 1814ರಲ್ಲಿ ನಾರ್ವೆಯ ಸಂವಿಧಾನ ಆದ ದಿನ. ವಿಸ್ಕಾನ್ಸಿನ್ನಿನ ಸ್ಟೌಟನ್ ಮತ್ತು ವೆಸ್ಟ್‌ಬಿಯಲ್ಲಿ ಆಸುಪಾಸಿನ ವಾರಾಂತ್ಯಕ್ಕೆ, ಸಿಯಾಟಲ್‌ನ ಬ್ಯಾಲರ್ಡ್‌ನಲ್ಲಿ ಅದೇ ದಿನ ಮೆರವಣಿಗೆ. ಹೆಂಗಸರು, ಗಂಡಸರು ‘ಬೂನಾಡ್’ ಹಾಕಿರುತ್ತಾರೆ. ಒಂದೊಂದು ಸೀಮೆಗೂ ಬಣ್ಣ, ಕಸೂತಿ, ಬೆಳ್ಳಿ ಗುಂಡಿ ಬೇರೆ. ಗೊತ್ತಿದ್ದವರು ಬಟ್ಟೆ ನೋಡಿಯೇ ಊರು ಹೇಳುತ್ತಾರೆ. ನ್ಯೂಯಾರ್ಕಿನ ಬೇ ರಿಜ್‌ನಲ್ಲೂ ಮೆರವಣಿಗೆ ಇದೆ. ಒಂದು ಕಾಲಕ್ಕೆ ಬ್ರೂಕ್ಲಿನ್ನಿನ 8ನೇ ಅವೆನ್ಯೂಗೆ ನಾರ್ವೆಯ ಸಾರಿನ ಹೆಸರಿಟ್ಟು ‘ಲಾಪ್ಸ್‌ಕೌಸ್ ಬುಲೆವಾರ್ಡ್’ ಅನ್ನುತ್ತಿದ್ದರು. ಈಗ ಅಲ್ಲಿ ಚೀನೀ ಅಂಗಡಿಗಳ ಸಾಲು.

ಒಂದೇ ಜಾಗ ನೋಡುವುದಾದರೆ ಡೆಕೋರಾ. ಅಲ್ಲಿನ ವೆಸ್ಟರ್‌ಹೈಮ್ ಮ್ಯೂಸಿಯಂ 1877ರಲ್ಲಿ ಲೂಥರ್ ಕಾಲೇಜಿನ ಸಂಗ್ರಹವಾಗಿ ಶುರುವಾದದ್ದು. ಸಾಗಿಸಿ ತಂದ ಮರದ ಮನೆಗಳಿವೆ, ಸಾಲು ಸಾಲು ಪೆಟ್ಟಿಗೆಗಳಿವೆ. ನಾನು ಹೆಚ್ಚು ಹೊತ್ತು ನಿಂತದ್ದು ಆ ಪೆಟ್ಟಿಗೆಗಳ ಮುಂದೆ. ಮುಚ್ಚಳದ ಮೇಲೆ ಹೆಸರು, ವರ್ಷ, ‘ರೋಸೆಮಾಲಿಂಗ್’ ಎಂಬ ಸುರುಳಿ ಹೂವಿನ ಚಿತ್ತಾರ. ಒಂದು ಮನೆಯ ಸಾಮಾನೆಲ್ಲ ಅಷ್ಟರಲ್ಲೇ ಹಿಡಿಯಬೇಕಿತ್ತು. ನಾವು 23 ಕಿಲೋ ಸೂಟ್‌ಕೇಸ್ ತೂಕ ಹಾಕುವಾಗ ಉಪ್ಪಿನಕಾಯಿ ಒಳಗೋ ಹೊರಗೋ ಅಂತ ಲೆಕ್ಕ ಹಾಕುತ್ತೇವಲ್ಲ, ಅದೇ. ಜುಲೈ ಕೊನೆಯ ವಾರಾಂತ್ಯಕ್ಕೆ ಹೋದರೆ ಊರಿಡೀ ‘ನಾರ್ಡಿಕ್ ಫೆಸ್ಟ್’.

ಮೂರ್‌ಹೆಡ್‌ನಲ್ಲಿ ಇನ್ನೊಂದು ಅಚ್ಚರಿಯಿದೆ. ರಾಬರ್ಟ್ ಆಸ್ಪ್ ಎಂಬ ಶಾಲೆಯ ಕೌನ್ಸೆಲರ್ 1970ರ ದಶಕದಲ್ಲಿ ಆಲೂಗಡ್ಡೆ ಗೋದಾಮಿನೊಳಗೆ ವೈಕಿಂಗ್ ಹಡಗು ಕಟ್ಟಲು ಕೂತರು. ಸಮುದ್ರ ಸಾವಿರಾರು ಕಿಲೋಮೀಟರ್ ದೂರ. ಹಡಗು ಮುಗಿಯಿತು, 1980ರಲ್ಲಿ ಅವರು ತೀರಿಕೊಂಡರು. 1982ರಲ್ಲಿ ಮಕ್ಕಳು ಮತ್ತು ಗೆಳೆಯರು ಅದನ್ನು ಡುಲೂತ್‌ನಿಂದ ನಾರ್ವೆಯ ಬರ್ಗನ್ ತನಕ ಹಾಯಿಸಿಕೊಂಡು ಹೋದರು. ‘ಯೆಮ್‌ಕಮ್ಸ್ಟ್’, ಅಂದರೆ ಮನೆಗೆ ಮರಳಿದ್ದು, ಆ ಹಡಗಿನ ಹೆಸರು. ಈಗ ಮ್ಯೂಸಿಯಂನಲ್ಲಿದೆ.

ಇವರಿಗೂ ಭಾರತಕ್ಕೂ ಏನಾದರೂ ನಂಟಿದೆಯಾ?

ನಮ್ಮ ತಟ್ಟೆಯಲ್ಲೇ ಇದೆ. ಐಯೊವದ ಕ್ರೆಸ್ಕೊ ಹತ್ತಿರದ ನಾರ್ವೇಜಿಯನ್ ಹಳ್ಳಿಗಾಡಿನಲ್ಲಿ 1914ರಲ್ಲಿ ಅಜ್ಜನ ಮನೆಯಲ್ಲಿ ಹುಟ್ಟಿದ ಹುಡುಗ ನಾರ್ಮನ್ ಬೋರ್ಲಾಗ್. ಮುತ್ತಜ್ಜ ಮುತ್ತಜ್ಜಿ ನಾರ್ವೆಯ ಸೊಗ್ನ್ ಕಡೆಯವರು. ಮೆಕ್ಸಿಕೊದಲ್ಲಿ ಆತ ಬೆಳೆಸಿದ ಗಿಡ್ಡ ಗೋಧಿ ತಳಿಯ 18,000 ಟನ್ ಬೀಜವನ್ನು ಭಾರತ 1966ರಲ್ಲಿ ತರಿಸಿಕೊಂಡಿತು. ಸಿ. ಸುಬ್ರಮಣ್ಯಂ ಆಗ ಕೃಷಿ ಮಂತ್ರಿ, ಎಂ. ಎಸ್. ಸ್ವಾಮಿನಾಥನ್ ವಿಜ್ಞಾನಿಗಳ ಮುಂದಾಳು. ಹಸಿರು ಕ್ರಾಂತಿಯ ಒಳಿತು ಕೆಡುಕು ಬೇರೆ ಮಾತು, ಹಸಿವು ನೀಗಿದ್ದು ನಿಜ. 1970ರ ನೊಬೆಲ್ ಶಾಂತಿ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಕೊಡುವುದು ಓಸ್ಲೊದಲ್ಲಿ! 2006ರಲ್ಲಿ ಭಾರತ ಪದ್ಮವಿಭೂಷಣ ಕೊಟ್ಟಿತು.

ನಾರ್ವೆಯವರು ಇಲ್ಲಿಗೆ ಬಂದರೆ ಏನನ್ನುತ್ತಾರೆ?

ಖುಷಿಪಡುತ್ತಾರೆ, ಒಳಗೊಳಗೇ ನಗುತ್ತಾರೆ. ಇಲ್ಲಿ ಉಳಿದಿರುವುದು ಮುತ್ತಜ್ಜನ ಕಾಲದ ಕಣಿವೆ. ಅಲ್ಲಿ ಎಣ್ಣೆ ಸಿಕ್ಕಿ, ನಗರ ಬೆಳೆದು, ಚರ್ಚಿಗೆ ಹೋಗುವವರು ಕಡಿಮೆಯಾಗಿ ಎಷ್ಟೋ ಕಾಲವಾಯಿತು. ಪಿಜ್ಜಾ ತಿನ್ನುವ ಓಸ್ಲೊದ ಹುಡುಗಿಗೆ ಮಿನೆಸೊಟದ ಅಜ್ಜಿ ಲೆಫ್ಸ ಲಟ್ಟಿಸುವುದನ್ನು ಹೇಳಿಕೊಡುವುದು ನಡೆಯುತ್ತದೆ.

ವಾಪಸ್ ಹೋದವರು ಇದ್ದಾರಾ?

ಇದ್ದಾರೆ. 1880ರ ನಂತರ ಬಂದವರಲ್ಲಿ ಹೆಚ್ಚೂಕಡಿಮೆ ನಾಲ್ಕರಲ್ಲಿ ಒಬ್ಬರು ಮರಳಿದರು. ದಕ್ಷಿಣ ನಾರ್ವೆಯ ಕ್ವಿನೆಸ್‌ದಾಲ್, ಲಿಸ್ತ ಕಡೆ ಬ್ರೂಕ್ಲಿನ್ನಿನಲ್ಲಿ ಬಡಗಿ ಕೆಲಸ ಮಾಡಿ ಬಂದವರು ಅಮೆರಿಕನ್ ಥರದ ಮನೆ ಕಟ್ಟಿಕೊಂಡರು, ಅಮೆರಿಕನ್ ಕಾರು ತಂದರು. ಇಲ್ಲಿ ನಾರ್ವೆಯ ಹಬ್ಬ, ಅಲ್ಲಿ ಅಮೆರಿಕದ ಹಬ್ಬ.

ಮನುಷ್ಯರಷ್ಟೇ ಅಲ್ಲ, ಒಂದು ಕಟ್ಟಡವೂ ವಾಪಸ್ ಹೋಗಿದೆ. 1893ರ ಶಿಕಾಗೊ ವಸ್ತುಪ್ರದರ್ಶನಕ್ಕೆ ನಾರ್ವೆಯ ಓರ್ಕಾಂಗರ್‌ನಲ್ಲಿ ಹಳೆಯ ಮರದ ಚರ್ಚಿನ ಮಾದರಿಯಲ್ಲಿ ಒಂದು ಮಂಟಪ ಮಾಡಿ, ಬಿಡಿಬಿಡಿಯಾಗಿ ಹಡಗಿನಲ್ಲಿ ಕಳಿಸಿದ್ದರು. ಜಾತ್ರೆ ಮುಗಿದ ಮೇಲೆ ಅದು ವಿಸ್ಕಾನ್ಸಿನ್ನಿನ ಲೇಕ್ ಜಿನೀವ ಸೇರಿತು. 1930ರ ದಶಕದಲ್ಲಿ ಮೌಂಟ್ ಹೊರೆಬ್ ಹತ್ತಿರದ ‘ಲಿಟಲ್ ನಾರ್ವೆ’ ಎಂಬ ಕಣಿವೆಗೆ ಬಂದು, ಎರಡು ಮೂರು ತಲೆಮಾರಿನ ಶಾಲಾ ಮಕ್ಕಳು ಪ್ರವಾಸ ಬಂದು ನೋಡುವ ಜಾಗವಾಯಿತು. 2012ರಲ್ಲಿ ‘ಲಿಟಲ್ ನಾರ್ವೆ’ ಬಾಗಿಲು ಹಾಕಿತು. ಮಂಟಪದ ಕೆತ್ತನೆ ಮಾಡಿದ ಬಡಗಿಯೊಬ್ಬರ ಮೊಮ್ಮಗ ನಾರ್ವೆಯಿಂದ ಬಂದು ಅಜ್ಜನ ಉಳಿ ಆಡಿದ ಮರ ನೋಡಿ ಹೋದರು. ಊರಲ್ಲಿ ದುಡ್ಡು ಸೇರಿಸಿದರು. 2015ರಲ್ಲಿ ಆ ಊರಿನವರು ಬಂದು ಒಂದೊಂದೇ ಹಲಗೆ ಬಿಚ್ಚಿ, ಗುರುತು ಹಾಕಿ, ಕಂಟೇನರಿಗೆ ತುಂಬಿದರು. 2017ರಿಂದ ಅದು ಓರ್ಕಾಂಗರ್‌ನಲ್ಲಿ, ಮೊದಲು ಹುಟ್ಟಿದ ಊರಿನಲ್ಲೇ, ನಿಂತಿದೆ. ಮೌಂಟ್ ಹೊರೆಬ್ ಕಡೆಯವರಲ್ಲಿ ಕೆಲವರಿಗೆ ಇದು ಇನ್ನೂ ಬೇಜಾರು. ‘ನಮ್ಮದನ್ನು ತಗೊಂಡು ಹೋದರು’ ಅನ್ನುತ್ತಾರೆ.